ದತ್ತು ಸಾಕ್ರಿ

ಇದು ನಡೆದ ಕಥೆ. ಕಾಲಿದ್ದ ಕಥೆಗಳೆಲ್ಲ ನಡೆಯಲೇಬೇಕು, ಅದರಲ್ಲೇನು ಹೆಚ್ಚುಗಾರಿಕೆ ಎನ್ನಬೇಡಿ. ಇದು ವುಲ್ವರ್‌ಹ್ಯಾಂಪ್ಟನ್ನಿನಿಂದ ಸಟನ್ ಕೋಲ್ಡ್‌ಫೀಲ್ಡಿನವರೆಗೆ ಕಾರಿನಲ್ಲಿ ಕೂತು ಬಂದು, ಅಲ್ಲಿಂದ ಮುಂದೆ ಒಂದು ಹೆಜ್ಜೆಯನ್ನೂ ಇಡಲಾರದೆ ಕುಸಿದ ಕಥೆ. ಇದರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಒಬ್ಬರು ಒಂದು ಮಾತನ್ನು ಸರಿಯಾಗಿಯೇ ಆಡಿದರು, ಇನ್ನೊಬ್ಬರು ಅದನ್ನು ಅಕ್ಷರ ಬಿಡದೆ ಕೇಳಿಸಿಕೊಂಡರು. ಕೆಟ್ಟದ್ದು ಅಷ್ಟರಿಂದಲೇ.

ಎರಡು ಸಾವಿರದ ಮೂರನೆಯ ಇಸವಿ, ದೀಪಾವಳಿಯ ಭಾನುವಾರ. ಡಾಕ್ಟರ್ ಚಿದಾನಂದ ಕಾರು ಓಡಿಸುತ್ತಿದ್ದರು. ಪಕ್ಕದಲ್ಲಿ ಹೆಂಡತಿ ನಿರುಪಮಾ, ಅವರ ಮಡಿಲಲ್ಲಿ ಕೋಸಂಬರಿಯ ಡಬ್ಬಿ. ಚಿದಾನಂದರ ಬಾಯಲ್ಲಿ ಮಾತ್ರ ಒಂದು ವಾರದಿಂದ ಒಂದೇ ವಾಕ್ಯ, ನುಂಗಲೂ ಆಗದೆ ಉಗುಳಲೂ ಆಗದೆ ಕೂತಿತ್ತು: ಯಲಗಟ್ಟಿಯಲ್ಲಿ ಈಗ ಮಕ್ಕಳಿಲ್ಲ.

ಅವರು ಜಿಪಿ, ಅಂದರೆ ಬಡಾವಣೆಯ ಫ್ಯಾಮಿಲಿ ಡಾಕ್ಟರು. ಕೆಟ್ಟ ಸುದ್ದಿ ಹೇಳುವುದು ಅವರಿಗೆ ಹೊಸದಲ್ಲ, ಹೇಗೆ ಹೇಳಬೇಕೆಂದು ಕಿರಿಯ ವೈದ್ಯರಿಗೆ ಪಾಠ ಮಾಡಿದವರೇ ಅವರು. ಕೂತು ಹೇಳಬೇಕು, ಕಣ್ಣು ನೋಡಿ ಹೇಳಬೇಕು, ಸುತ್ತಿ ಬಳಸದೆ ಹೇಳಬೇಕು, ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಈ ವಾರ ಅವರಿಗೆ ಸಾಧ್ಯವಾಗಿದ್ದು ಕೊನೆಯದೊಂದೇ. ಮುಂದಿನ ಸಿಗ್ನಲ್ ಬಂದಾಗ ನಿರುಪಮಾಗೆ ಹೇಳೋಣ ಎಂದುಕೊಳ್ಳುತ್ತಿದ್ದರು. ಅವರ ಪಾಲಿಗೆ ಅವತ್ತು ದಾರಿಯ ಸಿಗ್ನಲ್ಲುಗಳೆಲ್ಲ ಹಸಿರು.

ಯಲಗಟ್ಟಿ ರಾಯಚೂರಿನ ಕಡೆಯ ಒಂದು ಊರು. ಸುಗ್ಗಿ ಮುಗಿಯುತ್ತಲೇ ಅಲ್ಲಿನ ಕೂಲಿ ಸಂಸಾರಗಳು ಮನೆಗೆ ಬೀಗ ಹಾಕಿ ಗುಳೆ ಹೋಗುತ್ತವೆ, ಬೆಂಗಳೂರು, ಪುಣೆ, ಗೋವಾಗಳಲ್ಲಿ ಬೇರೆಯವರ ಮನೆ ಕಟ್ಟಲು. ಮಕ್ಕಳೂ ಜೊತೆಗೆ ಹೋದರೆ ಶಾಲೆ ಹೋದಂತೆಯೇ. ಆ ಮಕ್ಕಳನ್ನು ಊರಲ್ಲೇ ಉಳಿಸಿಕೊಂಡು ಊಟ ಹಾಕಿ ಓದಿಸಲೆಂದು ಒಂದು ವಸತಿಮನೆ ನಡೆಸುತ್ತಿದ್ದದ್ದು ಚಿದಾನಂದರ ಸಂಸ್ಥೆ. ಅದರ ಹೆಸರು ‘ಮಡಿಲು’. ಅದನ್ನು ಮೊದಲ ಸಭೆಯಲ್ಲೇ, ತಾವಿರುವ ಮಿಡ್‌ಲ್ಯಾಂಡ್ಸ್ ಸೀಮೆಗೆ ಹೊಂದುವಂತೆ, ‘ಮಡಿಲ್‌ಲ್ಯಾಂಡ್ಸ್’ ಎಂದು ತಿರುಚಿದವನು ನಾಗಭೂಷಣ. ಅವನು ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿರುವ ಅರಿವಳಿಕೆ ಡಾಕ್ಟರು, ಮೂಲ ಗದಗಿನ ಕಡೆಯವನು. ವಾರವಿಡೀ ಮಂದಿಯನ್ನು ಮಲಗಿಸಿ ಭಾನುವಾರ ನಗಿಸಿ ಎಬ್ಬಿಸುವುದು ಅವನ ಕಸುಬು. ಹೆಸರಿನ ಒಂದು ದೀರ್ಘ ತೆಗೆದರೆ ನಗಭೂಷಣ, ಹಾಗೆಂದು ತಾನೇ ಹೇಳಿಕೊಳ್ಳುತ್ತಿದ್ದ. ಎಲ್ಲ ಸೇರಿದಾಗ ಎಲ್ಲರಂತೆ ಬೆಂಗಳೂರಿನ ಕನ್ನಡ ಆಡುತ್ತಿದ್ದವನು ತನ್ನ ತಾಯಿಯ ಮಾತನ್ನು ಬೇರೆಯವರನ್ನು ಅಣಕಿಸುವಾಗ ಮಾತ್ರ ಹೊರಗೆ ತೆಗೆಯುತ್ತಿದ್ದ. ಹಬ್ಬಕ್ಕೆಂದು ಎತ್ತಿಟ್ಟ ಪಾತ್ರೆಯ ಹಾಗೆ.

ಪ್ರತಿ ದೀಪಾವಳಿಗೆ ಮಡಿಲಿನವರೆಲ್ಲ ಸಟನ್ ಕೋಲ್ಡ್‌ಫೀಲ್ಡಿನ ಒಂದು ಹಾಲ್‌ನಲ್ಲಿ ಸೇರಿ ಊಟ ಮಾಡುವುದು ರೂಢಿ. ಇಲ್ಲಿ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಯಲಗಟ್ಟಿಯಲ್ಲಿ ದೀಪ ಹಚ್ಚಿರುತ್ತಾರೆ. ಆಗ ಇಲ್ಲಿಂದ ಒಂದು ಫೋನು ಹೋಗುತ್ತದೆ. ನಾಗಭೂಷಣ ಮನೆಯಿಂದ ತರುವ ಫೋನಿಗೆ ದೊಡ್ಡ ಸ್ಪೀಕರು ಸಿಕ್ಕಿಸಿ ಹಾಲ್‌ಗೆಲ್ಲ ಕೇಳಿಸುತ್ತಾನೆ. ವಸತಿಮನೆ ನೋಡಿಕೊಳ್ಳುವ ಕಾಶೀಬಾಯಿ, ಕೆಲಸದಿಂದ ನಿವೃತ್ತರಾದ ಟೀಚರು, ಮಕ್ಕಳನ್ನು ಒಬ್ಬೊಬ್ಬರಾಗಿ ಫೋನಿನ ಹತ್ತಿರ ತಳ್ಳುತ್ತಾರೆ. ಕೊನೆಗೆ ನೀಲಮ್ಮ ಎಂಬ ಹುಡುಗಿ ಎರಡರ ಮಗ್ಗಿ ಹೇಳುತ್ತಾಳೆ. ಪ್ರತಿ ವರ್ಷವೂ ಎರಡೇಳಲೆ ಎಂಬಲ್ಲಿಗೆ ಬಂದು ನಿಂತು, ಸೊರ್ ಎಂದು ಉಸಿರೆಳೆದು, ಹದಿನಾಲ್ಕು ಎಂದು ಕೂಗುತ್ತಾಳೆ. ಕಳೆದ ವರ್ಷ ಹತ್ತರ ಮಗ್ಗಿಯವರೆಗೆ ಬಂದಿದ್ದಳಂತೆ. ಆದರೂ ಇಲ್ಲಿಯವರಿಗೆ ಎರಡರ ಮಗ್ಗಿಯೇ ಬೇಕು. ಆ ಉಸಿರಿಗಾಗಿ ಹಾಲ್‌ಗೆ ಹಾಲ್‌ ಕಾಯುತ್ತಿತ್ತು.

ಎಲ್ಲ ಚೆನ್ನಾಗಿತ್ತು. ಆಮೇಲೆ ಚಿದಾನಂದರಿಗೆ ಒಂದು ಯೋಚನೆ ಹೊಳೆಯಿತು.

ಒಂದೊಂದು ಮನೆಯವರು ಒಂದೊಂದು ಮಗುವಿನ ಹೊಣೆ ಹೊತ್ತರೆ ಹೇಗೆ? ಇಂಗ್ಲಿಷಿನಲ್ಲಿ ಅದಕ್ಕೆ ಸ್ಪಾನ್ಸರ್ ಎನ್ನುತ್ತಾರೆ. ಕನ್ನಡದಲ್ಲಿ ಪ್ರಾಯೋಜಕ ಎಂದರೆ ಟೀವಿ ಸೀರಿಯಲ್ಲಿನ ನಡುವೆ ಬರುವ ಸೋಪಿನ ಕಂಪನಿಯ ನೆನಪಾಗುತ್ತದೆ. ಮೈಸೂರಿನವರಾದ ಚಿದಾನಂದರಿಗೆ ಕನ್ನಡದ ಅಭಿಮಾನ ಬಹಳ. ಎರಡು ದಿನ ತಲೆ ಕೆರೆದುಕೊಂಡು ‘ದತ್ತು’ ಎಂಬ ಮಾತನ್ನು ಆರಿಸಿದರು. ವಸಂತದಲ್ಲಿ ಒಂದು ದಿನ ಕಾಶೀಬಾಯಿಗೆ ಫೋನು ಮಾಡಿ, ಇಲ್ಲಿಯ ಮನೆಗಳವರು ಅಲ್ಲಿಯ ಮಕ್ಕಳನ್ನು ದತ್ತು ತೆಗೆದುಕೊಳ್ಳುತ್ತಾರೆಂದು ಉತ್ಸಾಹದಿಂದ ವಿವರಿಸಿದರು. ಲೈನು ಗೊರಗುಡುತ್ತಿತ್ತು. ಅದರ ನಡುವೆ ಕಾಶೀಬಾಯಿಯ ದನಿ ಬಂತು.

“ದತ್ತು ಸಾಕ್ರಿ ಸರ.”

“ಏನಂದ್ರಿ?”

“ದತ್ತು... ಸಾಕ್ರಿ.”

ಉತ್ತರ ಕರ್ನಾಟಕದ ಮಾತಿನ ವ್ಯಾಕರಣ ಚಿದಾನಂದರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆಯಾಯಿತು. ಮಾಡಿ ಎಂದರೆ ಮಾಡ್ರಿ, ನೋಡಿ ಎಂದರೆ ನೋಡ್ರಿ, ಸಾಕಿ ಎಂದರೆ ಸಾಕ್ರಿ. ದತ್ತು ತೆಗೆದುಕೊಂಡು ಸಾಕಿರಿ ಎಂದು ಆ ತಾಯಿ ಬೇಡುತ್ತಿದ್ದಾರೆ.

“ಖಂಡಿತ ಸಾಕ್ತೀವಿ ಕಾಶೀಬಾಯಿ. ನೀವು ಯೋಚನೆ ಮಾಡಬೇಡಿ.”

ಕಾಶೀಬಾಯಿ ಇನ್ನೇನೋ ಹೇಳಲು ಹೊರಟಿದ್ದರು, ಲೈನು ಕಡಿಯಿತು. ಮುಂದಿನ ಸಭೆಯಲ್ಲಿ ಚಿದಾನಂದರು ಆ ಮಾತನ್ನು ಹೇಳಿ ಎಲ್ಲರ ಕಣ್ಣಲ್ಲಿ ನೀರು ತರಿಸಿದರು. ಬಟ್ಟೆಯ ಬ್ಯಾನರಿನ ಮೇಲೆ ಕೆಂಪಕ್ಷರದಲ್ಲಿ ಬರೆಸಿಯೂ ಆಯಿತು: ದತ್ತು ಸಾಕ್ರಿ. ನಾಗಭೂಷಣ ಅದರ ಕೆಳಗೆ ನಿಂತು ತಲೆ ವಾಲಿಸಿ ಓದಿ, “ಡಾಕ್ಟ್ರೇ, ಇದು ಅಂಗಡಿ ತೆಗೆಯೋ ಬೋರ್ಡೋ, ಮುಚ್ಚೋ ಬೋರ್ಡೋ?” ಎಂದು ಕೇಳಿದ. ಅವನ ಮಾತಿಗೆ ನಗುವುದು ಅಭ್ಯಾಸವಾಗಿ ಹೋಗಿದ್ದರಿಂದ ಚಿದಾನಂದರು ನಕ್ಕು ಬಿಟ್ಟರು.

ಇಲ್ಲಿಯ ಬೇಸಿಗೆಯಲ್ಲಿ, ಅಲ್ಲಿ ಗುಳೆಯವರು ಬಿತ್ತನೆಗೆ ಮರಳಿದ್ದ ಹೊತ್ತಿನಲ್ಲಿ, ಬೆಂಗಳೂರಿಗೆ ಹೋದ ಮಹೇಶ ಮತ್ತು ಅವನ ಹೆಂಡತಿ ಪೂಜಿತಾ ಯಲಗಟ್ಟಿಗೂ ಹೋಗಿ ಬಂದರು. ಮಹೇಶ ಬರ್ಮಿಂಗ್‌ಹ್ಯಾಮಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರು, ಯಾವುದನ್ನೂ ಅರ್ಧಕ್ಕೆ ಬಿಡುವವನಲ್ಲ. ಹಾಲ್‌ನ ಬೋರ್ಡಿಗೆ ಅಂಟಿಸಲು ಪಾಸ್‌ಪೋರ್ಟ್ ಸೈಜಿನ ಫೋಟೋ ಬೇಕೆಂದು ಚಿದಾನಂದರು ಹೇಳಿದ್ದರು. ಅವನು ಬಿಳಿ ದುಪ್ಪಟಿ ಕಟ್ಟಿ ಒಂದೊಂದೇ ಮಗುವನ್ನು ಅದರ ಮುಂದೆ ನಿಲ್ಲಿಸಿ, ನಗಬೇಡ ಎಂದು ಹೇಳಿ, ಫೋಟೋ ತೆಗೆದ. ಪೂಜಿತಾ ಟೇಪು ಹಿಡಿದು ಮಕ್ಕಳ ಎದೆ, ತೋಳು, ಬೆನ್ನಿನ ಅಳತೆ ತೆಗೆದುಕೊಂಡಳು. ಇಲ್ಲಿಯ ಹೆಂಗಸರು ಮಕ್ಕಳಿಗೆಂದು ಸ್ವೆಟರು ಹೆಣೆಯಲು ನಿರ್ಧರಿಸಿದ್ದರು. ಹೆಸರಿನಲ್ಲೇ ಚಳಿ ಇಟ್ಟುಕೊಂಡ ಕೋಲ್ಡ್‌ಫೀಲ್ಡಿನಲ್ಲಿ ಕೂತವರಿಗೆ ರಾಯಚೂರಿನ ಬಿಸಿಲು ನೆನಪಾಗದಿದ್ದದ್ದು ಸಹಜ. ಕಿಟಕಿಯ ಹೊರಗೆ ನಿಂತು ಇದನ್ನೆಲ್ಲ ನೋಡುತ್ತಿದ್ದ ತಂದೆತಾಯಿಯರನ್ನು ಕಂಡು ಮಹೇಶ ಕೈ ಬೀಸಿದನಂತೆ. ಅವರು ಬೀಸಲಿಲ್ಲವಂತೆ.

ಹಿಂದಿನ ವಾರ ಕಾಶೀಬಾಯಿಯ ಫೋನು ಬಂದಾಗ ಚಿದಾನಂದರು ಕ್ಲಿನಿಕ್ಕಿನಲ್ಲಿದ್ದರು. ಆಕೆ ರಾಯಚೂರಿನಲ್ಲಿ ತಂಗಿಯ ಮನೆಯಿಂದ ಮಾತಾಡುತ್ತಿದ್ದರು. ಈ ಸಲ ಲೈನು ಸ್ವಚ್ಛವಾಗಿತ್ತು. ಸುಗ್ಗಿಗೂ ಕಾಯದೆ, ಒಂದು ಬೆಳಗ್ಗೆ ತಂದೆತಾಯಿಯರೆಲ್ಲ ಒಟ್ಟಾಗಿ ಬಂದು ಮಕ್ಕಳ ಕೈ ಹಿಡಿದು ಹೊರಟರೆಂದೂ, ಅಡ್ಡ ನಿಂತ ತನಗೆ, ಮಕ್ಕಳನ್ನು ಮಾರುವುದಿಲ್ಲ ಎಂದು ಹೇಳಿ ಹೋದರೆಂದೂ, ವಸತಿಮನೆಗೆ ಬೀಗ ಹಾಕಿ ತಾನೂ ಬಂದುಬಿಟ್ಟೆನೆಂದೂ ಹೇಳಿದರು.

“ದತ್ತು ಅಂದ್ರ ನಮ್ಮ ಕಡೆ ಕೊಟ್ಟ ಬಿಡೂದ್ರಿ ಸರ. ಹೆಸರು, ಕುಲ ಎಲ್ಲಾ ಕಡಕೊಂಡು. ಮತ್ತ ಪಾಸ್‌ಪೋರ್ಟಿನ ಫೋಟೋ ಅಂದ್ರಿ, ಥಂಡಿ ದೇಶದ ಅರಿವಿ-ಬಟ್ಟಿಗೆ ಅಳತಿ ತಗೊಂಡ್ರಿ. ಮಂದಿ ಏನಂತ ತಿಳಕೋಬೇಕ್ರಿ?”

ಅದನ್ನು ಅವತ್ತೇ ಯಾಕೆ ಹೇಳಲಿಲ್ಲವೆಂದು ಚಿದಾನಂದರು ಕೇಳಿದರು. ಕೇಳಬಾರದಿತ್ತು.

“ಹೇಳಿದ್ನೆಲ್ರಿ. ನಾ ಸಾಕ ಅಂದೆ. ನೀವ ಸಾಕ್ತೀವಿ ಅಂದ್ರಿ.”

ಅವರನ್ನು ಹುಡುಕಿಸೋಣ, ತಿಳಿಸಿ ಹೇಳೋಣ, ಬೇಕಾದರೆ ತಾನೇ ಬರುತ್ತೇನೆ ಎಂದರು ಚಿದಾನಂದರು. ಹೆಚ್ಚಿನವರು ಎಲ್ಲಿಗೆ ಹೋಗುತ್ತೇವೆಂದು ಹೇಳಿಯೇ ಹೋಗಿಲ್ಲ ಎಂದರು ಕಾಶೀಬಾಯಿ. ನೀಲಮ್ಮನ ಅಪ್ಪನೂ ಹೇಳಲಿಲ್ಲ.

“ಹೇಳಿದ್ರ ನೀವು ಬಂದಗಿಂದೀರಿ ಅಂತ ಹೆದರಿಕಿರಿ ಅವ್ರಿಗೆ.”

ಅದಾದ ಮೇಲೂ ಚಿದಾನಂದರು ಯಲಗಟ್ಟಿಯ ನಂಬರಿಗೆ ದಿನವೂ ಫೋನು ಮಾಡುತ್ತಿದ್ದರು. ಬೀಗ ಹಾಕಿದ ಕೋಣೆಯಲ್ಲಿ ಅದು ಬಡಿದುಕೊಳ್ಳುತ್ತಿತ್ತು. ಎತ್ತುವವರಿಲ್ಲ ಎಂದು ಗೊತ್ತಿದ್ದೂ, ಅದು ತಾನಾಗಿ ನಿಲ್ಲುವವರೆಗೆ ಕಿವಿಗೆ ಹಿಡಿದುಕೊಂಡಿರುತ್ತಿದ್ದರು.

ಹಾಲ್‌ ತಲುಪಿದಾಗ ಗೋಡೆಯ ಮೇಲೆ ಬ್ಯಾನರು ಕಟ್ಟಿ ಆಗಿತ್ತು. ಅದರ ಕೆಳಗೆ ಬೋರ್ಡಿನ ತುಂಬ ನಗದ ಮಕ್ಕಳ ಫೋಟೋಗಳು, ಮೇಜಿನ ಮೇಲೆ ಸ್ವೆಟರುಗಳ ಗುಡ್ಡ, ಒಂದೊಂದರ ಎದೆಯ ಮೇಲೂ ಒಂದೊಂದು ಮಗುವಿನ ಹೆಸರು. ನಿರುಪಮಾ ತಾವು ಹೆಣೆದದ್ದನ್ನು ಚೀಲದಿಂದ ತೆಗೆದು ಮೇಲಿಟ್ಟರು. ನೀಲಿ ಉಣ್ಣೆ, ಬಿಳಿ ಅಕ್ಷರ. ನೀಲಮ್ಮನಿಗೆ ನೀಲಿಯೇ ಆಗಬೇಕೆಂದು ಅಂಗಡಿ ಅಂಗಡಿ ಅಲೆದು ತಂದ ಉಣ್ಣೆ ಅದು.

ಊಟದ ಮೊದಲೇ ಹೇಳಿಬಿಡುವುದು ಎಂದು ಚಿದಾನಂದರು ಮಹೇಶನನ್ನು ಪಕ್ಕಕ್ಕೆ ಕರೆದರು. ಅವನು ಮುಂದಿನ ವರ್ಷ ವೀಡಿಯೋದಲ್ಲೇ ಮಕ್ಕಳನ್ನು ತೋರಿಸಬಹುದೆಂದು, ಅದಕ್ಕೆ ಅಲ್ಲಿ ಯಾವ ಕಂಪ್ಯೂಟರು ಬೇಕೆಂದು, ಒಬ್ಬಟ್ಟು ತಣ್ಣಗಾಗುವವರೆಗೆ ವಿವರಿಸಿದ. ನಾಗಭೂಷಣನಿಗಾದರೂ ಹೇಳೋಣವೆಂದು ಹೋದರೆ ಅವನು ಮೊಣಕಾಲೂರಿ ಫೋನಿನ ವೈರು ಎಳೆಯುತ್ತಿದ್ದ.

“ನಾಗಭೂಷಣ, ಇವತ್ತು ಈ ಫೋನು...”

“ನೀವು ಆ ಕೆಂಪು ಬಟನ್ ಒತ್ತಿದ್ರೆ ಸಾಕು ಡಾಕ್ಟ್ರೇ, ನಂಬರ್ ಅದರಲ್ಲೇ ಕೂರಿಸಿದೀನಿ. ಮಿಕ್ಕಿದ್ದು ನಂಗೆ ಬಿಡಿ.”

ಆಗಲೇ ಚಿದಾನಂದರಿಗೆ ದಾರಿ ಕಂಡಿತು. ಬಟನ್ ಒತ್ತುವುದು. ಫೋನು ಬಡಿದುಕೊಳ್ಳುತ್ತದೆ, ಯಾರೂ ಎತ್ತುವುದಿಲ್ಲ, ಹಾಲ್‌ನವರೆಲ್ಲ ಕೇಳಿಸಿಕೊಳ್ಳುತ್ತಾರೆ. ತಾನು ಹೇಳಲಾರದ್ದನ್ನು ಅರ್ಧ ಆ ಸದ್ದೇ ಹೇಳುತ್ತದೆ. ಉಳಿದ ಅರ್ಧಕ್ಕೆ ಬಾಯಿ ಬಂದೀತು. ಮನಸ್ಸು ಒಂದು ವಾರದಲ್ಲಿ ಮೊದಲ ಸಲ ಹಗುರವಾಗಿ ಎರಡು ತುತ್ತು ಅನ್ನವೂ ಇಳಿಯಿತು.

ಊಟ ಮುಗಿಯಿತು. ಕುರ್ಚಿಗಳು ಸ್ಪೀಕರಿನ ಕಡೆ ತಿರುಗಿದವು. ಪ್ರತಿ ವರ್ಷ ಫೋನಿನ ಪಕ್ಕದಲ್ಲೇ ನಿಲ್ಲುತ್ತಿದ್ದ ನಾಗಭೂಷಣ ಅಲ್ಲಿರಲಿಲ್ಲ, ಪಾತ್ರೆ ಒಳಗಿಡಲು ಹೋಗಿರಬೇಕು. ಚಿದಾನಂದರು ಒಂದು ಕೈಯಲ್ಲಿ ಮೈಕು ಹಿಡಿದು ಕೆಂಪು ಬಟನ್ ಒತ್ತಿದರು.

ಸ್ಪೀಕರಿನಲ್ಲಿ ರಿಂಗು ಹೋಗತೊಡಗಿತು. ಯಲಗಟ್ಟಿಯಲ್ಲಿ ಈಗ, ಎಂದು ಅವರು ಮನಸ್ಸಿನಲ್ಲೇ ವಾಕ್ಯವನ್ನು ಜೋಡಿಸಿಕೊಂಡರು. ಬಾಯಿ ತೆರೆದರು.

“ಹಲೋ. ಯಾರ್ರೀ?”

ಕಾಶೀಬಾಯಿ.

ಚಿದಾನಂದರು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ದೀಪಾವಳಿಗೆ ಊರಿಗೆ ಬಂದಿರಬಹುದಲ್ಲವೇ, ಗುಳೆ ಹೋದವರೂ ದೀಪಾವಳಿಗೆ ಊರಿಗೆ ಬರುತ್ತಾರಲ್ಲವೇ, ಬಂದವರಿಗೆ ಯಾರೋ ತಿಳಿಸಿ ಹೇಳಿರಬಹುದು, ಕಾಶೀಬಾಯಿ ಓಡಿ ಬಂದು ಬೀಗ ತೆಗೆದಿರಬಹುದು. ಒಂದು ಉಸಿರಿನೊಳಗೆ ಇಷ್ಟೆಲ್ಲ ಆಗಿಹೋಯಿತು.

“ಕಾಶೀಬಾಯಿ, ಮಕ್ಕಳು... ಬಂದ್ರಾ?”

“ಬಂದಾರ್ರಿ ಸರ, ಎಲ್ಲಾರೂ ಇಲ್ಲೇ ಅದಾರ. ಅವರೆಲ್ಲಿ ಹೊಕ್ಕಾರ್ರಿ?”

ಹಾಲ್‌ನಲ್ಲಿ ಚಪ್ಪಾಳೆ. ಕಾಶೀಬಾಯಿ ಈ ಸಲ ಬಹಳ ಗೆಲುವಾಗಿದ್ದರು. ಮಹೇಶ ಸರ ಬಂದಾರೇನ್ರಿ ಎಂದು ವಿಚಾರಿಸಿ, ಅವರು ಫೋಟೋ ತೆಗೆಯುವಾಗ ನಗಬ್ಯಾಡ ಅಂದಿದ್ದಕ್ಕೆ ಹುಡುಗರು ಇನ್ನೂ ನಕ್ಕೇ ಇಲ್ಲ, ನಗ್ರಿ ಅಂತ ಒಂದು ಮಾತು ಅವರೇ ಹೇಳಬೇಕಂತ ಎಂದರು. ಹಾಲ್‌ ಬಿದ್ದು ಬಿದ್ದು ನಕ್ಕಿತು. ಸ್ವೆಟರು ಕಳಿಸುವುದಾದರೆ ಜೊತೆಗೆ ಸ್ವಲ್ಪ ಥಂಡಿಯನ್ನೂ ಕಟ್ಟಿ ಕಳಿಸಿರಿ ಎಂದರು. ಚಿದಾನಂದರಿಗೆ ಇದಾವುದೂ ಕೇಳಿಸಲಿಲ್ಲ.

“ನೀಲಮ್ಮ?”

“ತಡೀರಿ, ಕರೀತೀನಿ. ಏ ನೀಲವ್ವಾ, ಬಾರಽ ಇಲ್ಲೆ.”

ಗರಗರ ಸದ್ದು. ಆಮೇಲೆ ಸಣ್ಣ ದನಿ, ಮೂಗು ಸ್ವಲ್ಪ ಕಟ್ಟಿದ್ದು. ಎರಡೊಂದಲೆ ಎರಡು. ಎರಡೆರಡಲೆ ನಾಲ್ಕು. ಹಾಲ್‌ ಕುರ್ಚಿಯ ತುದಿಗೆ ಬಂತು. ಎರಡೇಳಲೆ ಎಂಬಲ್ಲಿ ದನಿ ನಿಂತಿತು. ಸೊರ್ ಎಂದು ಉಸಿರು ಒಳಗೆ ಹೋಯಿತು.

ಹದಿನಾಲ್ಕು ಬರುವ ಮೊದಲೇ ಚಿದಾನಂದರು ಅಳುತ್ತಿದ್ದರು.

“ನೀಲಮ್ಮ, ಹೆದರ್ಕೋಬೇಡ ಪುಟ್ಟ. ನಿನ್ನ ಯಾರೂ ಎಲ್ಲಿಗೂ ಕರ್ಕೊಂಡು ಹೋಗಲ್ಲ. ಅಪ್ಪಂಗೆ ಹೇಳು. ಅಲ್ಲೇ ಇರು ಅಂತ ಹೇಳು. ನಾವು ಯಾರೂ ಬರಲ್ಲ.”

ಹಾಲ್‌ನವರು ಮುಖ ಮುಖ ನೋಡಿಕೊಂಡರು. ಡಾಕ್ಟರು ಪ್ರತಿ ವರ್ಷ ಕಣ್ಣೊರೆಸಿಕೊಳ್ಳುತ್ತಿದ್ದರು, ಆದರೆ ಹೀಗೆ ಏನೇನೋ ಮಾತಾಡುತ್ತಿರಲಿಲ್ಲ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆರೆಯಿತು.

“ಹಂಗಂದ್ರ ನಾನಽ ಬರ್ಲೇನ್ರಿ ಸರ?”

ಮಾತು ಒಮ್ಮೆ ಬಾಗಿಲಿನಿಂದ, ಮರುಕ್ಷಣ ಸ್ಪೀಕರಿನಿಂದ, ಹೀಗೆ ಎರಡೆರಡು ಸಲ ಕೇಳಿಸಿ ಕೀಂ ಎಂದು ಕಿರುಚಿತು. ಬಾಗಿಲಲ್ಲಿ ನಾಗಭೂಷಣ. ತಲೆಯ ಮೇಲೆ ನಿರುಪಮಾರ ಶಾಲು ಸೆರಗಿನಂತೆ ಹೊದ್ದು, ಕಿವಿಗೆ ಮೊಬೈಲು ಹಿಡಿದು, ಇನ್ನೊಂದು ಕೈಯಲ್ಲಿ ಅರ್ಧ ಕಚ್ಚಿದ ಕಡಬು. ಕೆಂಪು ಬಟನ್ನಿನಲ್ಲಿ ಅವನು ಕೂರಿಸಿದ್ದದ್ದು ತನ್ನದೇ ಮೊಬೈಲಿನ ನಂಬರು.

ಆಗ ಎದ್ದ ನಗೆಗೆ ಹಾಲ್‌ನ ದೀಪಗಳು ಅಲ್ಲಾಡಿದವು ಎಂದರೆ ನಂಬಬೇಕು. ಮಹೇಶ ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತಿದ್ದ. ಪೂಜಿತಾ ಯಾರದೋ ಸ್ವೆಟರಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಡಾಕ್ಟರು ಅತ್ತರಲ್ಲ, ನಿಜವಾಗಿ ಅತ್ತುಬಿಟ್ಟರಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕರು. ಚಿದಾನಂದರು ಮಾತ್ರ ಬ್ಯಾನರಿನ ಕೆಳಗೆ ಮೈಕು ಹಿಡಿದು ಹಾಗೆಯೇ ನಿಂತಿದ್ದರು.

“ಸಿಟ್ಟಾಗ್ಬೇಡಿ ಡಾಕ್ಟ್ರೇ,” ಎಂದು ನಾಗಭೂಷಣ ಶಾಲು ಸರಿಪಡಿಸಿಕೊಳ್ಳುತ್ತ ಫೋನಿನ ಹತ್ತಿರ ಬಂದ. “ಈಗ ಅಸಲಿ ಕಾಶೀಬಾಯಿ.”

ಅವನು ಯಲಗಟ್ಟಿಯ ನಂಬರನ್ನು ಬೆರಳಿನಿಂದ ಒಂದೊಂದಾಗಿ ಒತ್ತಿದ. ಸಮುದ್ರ ದಾಟಿ ಹೋಗುವ ಮೌನ, ಆಮೇಲೆ ರಿಂಗು. ಜನ ನಗು ತಡೆದುಕೊಂಡು ಕಾದರು. ರಿಂಗು ಹೋಗುತ್ತಲೇ ಇತ್ತು. ಇದೂ ಅವನದೇ ಆಟ, ಈಗ ಎಲ್ಲಿಂದ ಎತ್ತುತ್ತಾನೋ ನೋಡು ಎಂದು ಯಾರೋ ಅಂದು ಮತ್ತೆ ನಕ್ಕರು. ನಾಗಭೂಷಣ ಎರಡೂ ಕೈ ಎತ್ತಿ, ತನ್ನ ಮೊಬೈಲು ಮೇಜಿನ ಮೇಲಿರುವುದನ್ನು ತೋರಿಸಿದ. ರಿಂಗು ಹೋಗುತ್ತಲೇ ಇತ್ತು.

ಆಗ ಚಿದಾನಂದರು ನಕ್ಕರು.

ಮೊದಲು ಸಣ್ಣಗೆ, ಕೆಮ್ಮು ಬಂದವರ ಹಾಗೆ. ಆಮೇಲೆ ಹೊಟ್ಟೆ ಹಿಡಿದುಕೊಂಡು. ಮೈಕು ಬಾಯಿಯ ಹತ್ತಿರವೇ ಇದ್ದದ್ದರಿಂದ ಆ ನಗೆ ಗೋಡೆ ಗೋಡೆಗೆ ಬಡಿದು ಹಾಲ್‌ನ ತುಂಬ ಹರಡಿತು, ಅದರ ಕೆಳಗೆ ರಿಂಗು. ಡಾಕ್ಟರೇ ನಗುತ್ತಿದ್ದಾರೆಂದು ಜನರೂ ಜೊತೆಗೂಡಿದರು. ಮೊದಲು ನಿಲ್ಲಿಸಿದವನು ನಾಗಭೂಷಣ. ಚಿದಾನಂದರ ನಗೆಯನ್ನು ಅವನು ಎಷ್ಟೋ ಸಲ ಅಣಕಿಸಿದ್ದ, ಎಲ್ಲಿ ಏರುತ್ತದೆ, ಎಲ್ಲಿ ಮುರಿಯುತ್ತದೆ, ಎಲ್ಲ ಅವನ ಗಂಟಲಿಗೆ ಗೊತ್ತಿತ್ತು. ಇದು ಆ ನಗೆಯಲ್ಲ. ಅವನು ಮೆಲ್ಲನೆ ತಲೆಯ ಮೇಲಿನ ಶಾಲು ತೆಗೆದ. ಒಮ್ಮೆ ಫೋನನ್ನು ನೋಡಿದ, ಒಮ್ಮೆ ಬ್ಯಾನರನ್ನು ನೋಡಿದ, ಓದಿದ, ತನ್ನ ತಾಯಿಯ ಮಾತಿನಲ್ಲಿ ಓದಿದ.

ಆಮೇಲೆ ಮಹೇಶ ನಿಲ್ಲಿಸಿದ. ಪೂಜಿತಾ ಸ್ವೆಟರನ್ನು ಮುಖದಿಂದ ಇಳಿಸಿದಳು. ಒಬ್ಬೊಬ್ಬರಾಗಿ ಎಲ್ಲರೂ ನಿಲ್ಲಿಸಿದರು. ನಾಗಭೂಷಣನಿಗೆ ಫೋನು ಇಡಬೇಕೆಂದು ತೋಚಲಿಲ್ಲ.

ನಿರುಪಮಾ ಎದ್ದು ಬಂದು ಗಂಡನ ತೋಳು ಹಿಡಿದರು. ಅವರಿಗೆ ಏನೂ ಅರ್ಥವಾಗಿರಲಿಲ್ಲ, ಹೆದರಿಕೆ ಮಾತ್ರ ಆಗಿತ್ತು.

“ಸಾಕೂ ರೀ,” ಎಂದರು. “ಸಾಕು ರೀ.”

ಆ ಮಾತು ಕಿವಿಗೆ ಬಿದ್ದದ್ದೇ ಚಿದಾನಂದರು ಮೈಕನ್ನು ಕೈಯಿಂದ ಬಿಟ್ಟು, ಅದರ ಹಂಗೂ ಇಲ್ಲದೆ, ಅದಕ್ಕಿಂತ ಜೋರಾಗಿ ನಕ್ಕರು.